ಗಣಕಯಂತ್ರದ ಪರಿಷ್ಕರಣೆಯೂ ಕಾಣೆಯಾಗುವ ಗುಪ್ತಪದಗಳೂ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಹುಟ್ಟಿದ ಊರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮಂಥವರ ಪಾಲಿಗೆ ಗಣಕಯಂತ್ರವು ಈಗ ಕಚೇರಿಯ ಸಾಧನ ಮಾತ್ರವಾಗಿ ಉಳಿದಿಲ್ಲ. ಊರಿನ ಜಮೀನಿನ ಪಹಣಿ ಪಡೆಯುವುದು, ನಿವೃತ್ತಿ ವೇತನದ ವಿವರ ನೋಡುವುದು, ಊರಿಗೆ ಹೋಗಲು ರೈಲಿನ ಟಿಕೆಟು ಕಾಯ್ದಿರಿಸುವುದು, ವಿಮೆಯ ಕಂತು ತುಂಬುವುದು, ದೂರದಲ್ಲಿರುವ ಮಕ್ಕಳ ಪತ್ರ ಓದುವುದು ಇವೆಲ್ಲವೂ ಅದರ ಮೂಲಕವೇ ನಡೆಯುತ್ತವೆ. ಇವುಗಳಲ್ಲಿ ಬಹುಪಾಲು ಕೆಲಸಗಳಿಗೆ ಒಂದು ಗುಪ್ತಪದ, ಅಂದರೆ ಎಲ್ಲರ ಬಾಯಲ್ಲಿರುವ ಪಾಸ್‌ವರ್ಡ್, ಬೇಕು. ಹತ್ತು ಕಡೆಯ ಹತ್ತು ಗುಪ್ತಪದಗಳನ್ನು ನೆನಪಿನಲ್ಲಿಡುವುದು ಕಷ್ಟವಾದುದರಿಂದ ಆ ಭಾರವನ್ನು ನಾವು ಯಂತ್ರಕ್ಕೇ ಒಪ್ಪಿಸಿದ್ದೇವೆ. "ಇದನ್ನು ನೆನಪಿಡಲೇ?" ಎಂದು ಅದು ಕೇಳುತ್ತದೆ, "ಆಗಲಿ" ಎನ್ನುತ್ತೇವೆ. ಅಲ್ಲಿಂದ ಮುಂದೆ ಗುಪ್ತಪದವನ್ನು ನಾವು ಮರೆಯುತ್ತೇವೆ.

ಈ ಏರ್ಪಾಡು ವರ್ಷಗಟ್ಟಲೆ ಸುಗಮವಾಗಿ ನಡೆಯುತ್ತದೆ. ಒಂದು ದಿನ ಯಂತ್ರದ ಕಾರ್ಯನಿರ್ವಹಣಾ ವ್ಯವಸ್ಥೆ ಪರಿಷ್ಕರಣೆಗೊಳ್ಳುತ್ತದೆ. ಮರುದಿನ ಬೆಳಿಗ್ಗೆ ಯಂತ್ರಕ್ಕೆ ಏನೂ ನೆನಪಿರುವುದಿಲ್ಲ. ಇಂಥ ಸಂದರ್ಭದಲ್ಲಿ ಏನು ಮಾಡಬೇಕು, ಏನನ್ನು ಮಾಡಬಾರದು ಎಂಬುದೇ ಈ ದಿನದ ವಿಷಯ. ವಿಂಡೋಸ್ 10 ವ್ಯವಸ್ಥೆಗೆ ಅದರ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡುದರಿಂದ ಮನೆಮನೆಗಳಲ್ಲಿ ಯಂತ್ರಗಳು ಹೊಸ ವ್ಯವಸ್ಥೆಗೆ ಬದಲಾಗುತ್ತಿವೆ. ಆದ್ದರಿಂದ ಈ ವಿಷಯವು ಸಕಾಲಿಕವೆಂದು ಭಾವಿಸಿದ್ದೇನೆ.

ಒಂದು ಮನೆಯ ಅನುಭವ

ನನಗೆ ಪರಿಚಯವಿರುವ ಒಬ್ಬ ಹಿರಿಯ ಮಹಿಳೆಯ ಅನುಭವವನ್ನು ಮೊದಲು ಹೇಳುತ್ತೇನೆ. ಅವರ ಪತಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಮನೆಯ ಎಲ್ಲ ವ್ಯವಹಾರವೂ ಪತಿಯ ಗಣಕಯಂತ್ರದಲ್ಲಿತ್ತು. ವಿದ್ಯುತ್ ಬಿಲ್ಲು, ವಿಮೆ, ವಸತಿ ಸಂಘದ ಲೆಕ್ಕ, ಮಿಂಚಂಚೆ ಎಲ್ಲದರ ಗುಪ್ತಪದಗಳೂ ಅಲ್ಲಿ ಉಳಿಸಲ್ಪಟ್ಟಿದ್ದವು. ಆಕೆಗೆ ತಿಳಿದಿದ್ದುದು ಯಂತ್ರವನ್ನು ತೆರೆಯುವ ನಾಲ್ಕಂಕಿಯ ಪಿನ್ ಒಂದೇ. ಒಂದು ರಾತ್ರಿ ಪರಿಷ್ಕರಣೆ ನಡೆದು, ಬೆಳಿಗ್ಗೆ ಯಂತ್ರವು ಪಿನ್ ಲಭ್ಯವಿಲ್ಲವೆಂದು ತಿಳಿಸಿ ಮೂಲ ಗುಪ್ತಪದವನ್ನು ಕೇಳಿತು. ಅದು ಆಕೆಗೆ ಗೊತ್ತಿರಲಿಲ್ಲ.

ನೆರೆಯವರೊಬ್ಬರು ಯಂತ್ರವನ್ನು ದುರಸ್ತಿ ಅಂಗಡಿಯೊಂದಕ್ಕೆ ಕೊಂಡೊಯ್ದರು. ಅಂಗಡಿಯಾತ ಅರ್ಧ ಗಂಟೆಯಲ್ಲಿ ಹಳೆಯ ಗುಪ್ತಪದವನ್ನು ತೆಗೆದುಹಾಕಿ ಯಂತ್ರವನ್ನು ತೆರೆದುಕೊಟ್ಟ. ಮನೆಗೆ ತಂದು ನೋಡಿದಾಗ ಛಾಯಾಚಿತ್ರಗಳಿದ್ದವು, ಪತ್ರಗಳಿದ್ದವು. ಆದರೆ ಉಳಿಸಿದ್ದ ಗುಪ್ತಪದಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಅಂಗಡಿಯಾತ ಕದ್ದನೆಂದು ಕೆಲವರು ಆಡಿಕೊಂಡರು. ಆತ ಕದ್ದಿರಲಿಲ್ಲ. ತಾನು ಮಾಡಿದ ಕೆಲಸದ ಪರಿಣಾಮ ಆತನಿಗೂ ತಿಳಿದಿರಲಿಲ್ಲ, ಅಷ್ಟೆ.

ಹೀಗೇಕಾಯಿತು ಎಂಬುದನ್ನು ಅರಿತರೆ ಈ ವಿಷಯದ ಮುಕ್ಕಾಲು ಭಾಗವನ್ನು ಅರಿತಂತೆ.

ಗುಪ್ತಪದಗಳು ಎಲ್ಲಿರುತ್ತವೆ?

ಗಣಕಯಂತ್ರದಲ್ಲಿ ಗುಪ್ತಪದದ ಬಳಕೆ 1960ರ ದಶಕದ ಆರಂಭದಷ್ಟು ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೋ ಅವರ ನೇತೃತ್ವದಲ್ಲಿ ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆ ರೂಪುಗೊಂಡಾಗ, ಒಬ್ಬರ ಕಡತಗಳನ್ನು ಇನ್ನೊಬ್ಬರು ತೆರೆಯದಂತೆ ಗುಪ್ತಪದಗಳನ್ನು ಅಳವಡಿಸಲಾಯಿತು. ಅಲ್ಲಿ ಗುಪ್ತಪದಗಳ ಪಟ್ಟಿಯು ಸಾದಾ ಅಕ್ಷರಗಳಲ್ಲಿಯೇ ಇತ್ತು. 1966ರಲ್ಲಿ ಎರಡು ಕಡತಗಳು ಅದಲುಬದಲಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ದಿನದ ಸೂಚನೆಯ ಬದಲು ಸಮಸ್ತರ ಗುಪ್ತಪದಗಳ ಪಟ್ಟಿಯೇ ಕಾಣಿಸಿತು. ಗುಪ್ತಪದವನ್ನು ಇದ್ದಂತೆಯೇ ಬರೆದಿಡಬಾರದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈಗಿನ ಯಂತ್ರಗಳು ಉಳಿಸಿದ ಗುಪ್ತಪದಗಳನ್ನು ಗೂಢಲಿಪಿಗೆ ಪರಿವರ್ತಿಸಿ ಇಡುತ್ತವೆ. ವಿಂಡೋಸ್ ಯಂತ್ರದ ಉದಾಹರಣೆಯನ್ನು ನೋಡೋಣ. ಮನೆಯಲ್ಲಿ ಒಡವೆಯ ಪೆಟ್ಟಿಗೆಯೊಂದಿದೆ. ಆ ಪೆಟ್ಟಿಗೆಯ ಬೀಗದ ಕೈಯನ್ನು ಕಬ್ಬಿಣದ ಕಪಾಟಿನಲ್ಲಿಟ್ಟಿದ್ದೇವೆ. ಕಪಾಟಿನ ಬೀಗದ ಕೈ ಮಾತ್ರ ಮನೆಯೊಡತಿಯ ಸೆರಗಿನಲ್ಲಿದೆ. ಇಲ್ಲಿ ಒಡವೆಯ ಪೆಟ್ಟಿಗೆಯೆಂದರೆ ಕ್ರೋಮ್ ಅಥವಾ ಎಡ್ಜ್ ಬ್ರೌಸರಿನ ಗುಪ್ತಪದಗಳ ಕಡತ. ಅದರ ಕೀಲಿಕೈ ಬೇರೊಂದು ಕಡತದಲ್ಲಿ, ವಿಂಡೋಸಿನ ರಕ್ಷಣೆಯಲ್ಲಿರುತ್ತದೆ. ಈ ರಕ್ಷಣಾ ವಿಧಾನಕ್ಕೆ ಡೇಟಾ ಪ್ರೊಟೆಕ್ಷನ್ ಎಪಿಐ ಎಂದು ಹೆಸರು. ಇದು ವಿಂಡೋಸ್ 2000ದೊಂದಿಗೆ ಬಳಕೆಗೆ ಬಂದಿತು. ಇನ್ನು ಸೆರಗಿನ ಕೀಲಿಕೈ ಎಂದರೆ ಯಂತ್ರವನ್ನು ಪ್ರವೇಶಿಸಲು ನೀವು ಬಳಸುವ ಮೂಲ ಗುಪ್ತಪದ.

ನಿಮ್ಮ ಹಳೆಯ ಗುಪ್ತಪದವನ್ನು ಕೊಟ್ಟು ಹೊಸದನ್ನು ನೀವೇ ಬದಲಾಯಿಸಿಕೊಂಡರೆ ತೊಂದರೆಯಿಲ್ಲ. ವ್ಯವಸ್ಥೆಯು ಹಳೆಯ ಕೀಲಿಯಿಂದ ಕಪಾಟನ್ನು ತೆರೆದು ಹೊಸ ಕೀಲಿಗೆ ಹೊಂದುವಂತೆ ಬೀಗವನ್ನು ಬದಲಿಸುತ್ತದೆ. ಆದರೆ ಹಳೆಯದನ್ನು ತಿಳಿಯದೆಯೇ ಮತ್ತೊಬ್ಬರು ಬಲವಂತವಾಗಿ ಅದನ್ನು ತೆಗೆದುಹಾಕಿದರೆ, ಆ ಯಂತ್ರಕ್ಕಷ್ಟೇ ಸೀಮಿತವಾದ ಸ್ಥಳೀಯ ಖಾತೆಗಳಲ್ಲಿ, ಕಪಾಟು ಮುಚ್ಚಿದಂತೆಯೇ ಉಳಿಯುತ್ತದೆ. ಮನೆಯ ಬಾಗಿಲು ತೆರೆಯಿತು, ಕಪಾಟು ತೆರೆಯಲಿಲ್ಲ. ಆ ಮಹಿಳೆಯ ಮನೆಯಲ್ಲಿ ನಡೆದುದು ಇದೇ.

ಇದನ್ನು ವ್ಯವಸ್ಥೆಯ ದೋಷವೆಂದು ತಿಳಿಯಬಾರದು. ಯಂತ್ರವನ್ನು ಕದ್ದೊಯ್ದವನೂ ಹೀಗೆಯೇ ಬಾಗಿಲನ್ನು ಒಡೆಯಬಲ್ಲ. ಕಪಾಟು ಅವನಿಗೆ ತೆರೆಯಬಾರದೆಂದೇ ಈ ಏರ್ಪಾಡು. ಕಳ್ಳನಿಂದ ನಮ್ಮನ್ನು ಕಾಯುವ ಬೀಗವು ನಾವು ಕೀಲಿ ಕಳೆದುಕೊಂಡಾಗ ನಮ್ಮನ್ನೂ ಹೊರಗೆ ನಿಲ್ಲಿಸುತ್ತದೆ.

ಪರಿಷ್ಕರಣೆಯ ನಂತರ ತೊಂದರೆ ಬರುವ ಬಗೆಗಳು

ಗುಪ್ತಪದಗಳು "ಹೋದವು" ಎಂದು ನಾವು ಹೇಳುವ ಸಂದರ್ಭಗಳೆಲ್ಲ ಒಂದೇ ಬಗೆಯವಲ್ಲ. ಅನೇಕ ಬಾರಿ ಅವು ಹೋಗಿರುವುದಿಲ್ಲ, ನಮಗೆ ಕಾಣುತ್ತಿರುವುದಿಲ್ಲ. ಮುಖ್ಯವಾದ ಬಗೆಗಳು ಹೀಗಿವೆ.

ಮೊದಲನೆಯದು, ತಾತ್ಕಾಲಿಕ ಖಾತೆ. ಪರಿಷ್ಕರಣೆಯ ವೇಳೆ ನಿಮ್ಮ ಖಾತೆಯ ಕಡತಗಳನ್ನು ಓದಲಾಗದಿದ್ದರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಖಾತೆಯೊಂದಕ್ಕೆ ಸೇರಿಸುತ್ತದೆ. ಆಗ ಮೇಜಿನ ಪರದೆ ಹೊಸ ಯಂತ್ರದಂತೆ ಖಾಲಿಯಾಗಿ ಕಾಣುತ್ತದೆ. 2020ರ ಫೆಬ್ರವರಿಯ ವಿಂಡೋಸ್ 10 ಪರಿಷ್ಕರಣೆಯೊಂದರ ನಂತರ ಹಲವು ಬಳಕೆದಾರರಿಗೆ ಹೀಗಾಯಿತು. ಕಡತಗಳೆಲ್ಲ ಅಳಿದವೆಂದು ಅವರು ಗಾಬರಿಗೊಂಡರು. ವಾಸ್ತವವಾಗಿ ಅವು ಹೆಸರು ಬದಲಾದ ಕಡತಕೋಶದಲ್ಲಿ ಭದ್ರವಾಗಿದ್ದವು.

ಎರಡನೆಯದು, ವ್ಯವಸ್ಥೆಯಲ್ಲಿಯೇ ಅಡಗಿರುವ ದೋಷ. 2020ರಲ್ಲಿ ವಿಂಡೋಸ್ 10ರ 2004 ಎಂಬ ಆವೃತ್ತಿ ಬಂದ ಮೇಲೆ ಔಟ್‌ಲುಕ್, ಕ್ರೋಮ್ ಮುಂತಾದ ತಂತ್ರಾಂಶಗಳು ಗುಪ್ತಪದವನ್ನು ಪದೇ ಪದೇ ಕೇಳತೊಡಗಿದವು. ಎಷ್ಟು ಬಾರಿ ಉಳಿಸಿದರೂ ಅವಕ್ಕೆ ನೆನಪಿರುತ್ತಿರಲಿಲ್ಲ. ಯಂತ್ರದೊಳಗೆ ನಿಗದಿತ ವೇಳೆಗೆ ತಾನಾಗಿ ನಡೆಯುವ ಕೆಲವು ಕಾರ್ಯಗಳೇ ಇದಕ್ಕೆ ಕಾರಣವೆಂದು ಕಂಡುಬಂತು. ಅವನ್ನು ಗುರುತಿಸಿ ತಡೆಹಿಡಿಯುವ ಉಪಾಯವನ್ನು ಮೈಕ್ರೋಸಾಫ್ಟ್ ಸಂಸ್ಥೆ ಸೂಚಿಸಿತು. ಆಮೇಲಿನ ಪರಿಷ್ಕರಣೆಗಳಲ್ಲಿ ದೋಷವನ್ನು ಸರಿಪಡಿಸಲಾಯಿತು. ಈ ಬಗೆಯ ತೊಂದರೆಯಲ್ಲಿ ಬಳಕೆದಾರನ ತಪ್ಪೇನೂ ಇರುವುದಿಲ್ಲ.

ಮೂರನೆಯದು, ಬ್ರೌಸರಿನ ದೋಷ. 2024ರ ಜುಲೈ ತಿಂಗಳಲ್ಲಿ ವಿಂಡೋಸ್ ಯಂತ್ರಗಳ ಕ್ರೋಮ್ ಬ್ರೌಸರಿನಲ್ಲಿ ಸುಮಾರು 18 ಗಂಟೆಗಳ ಕಾಲ ಅನೇಕರಿಗೆ ತಾವು ಉಳಿಸಿದ ಗುಪ್ತಪದಗಳು ಕಾಣಲಿಲ್ಲ. ಗೂಗಲ್ ಸಂಸ್ಥೆ ದೋಷವನ್ನು ಒಪ್ಪಿಕೊಂಡು ಸರಿಪಡಿಸಿತು. ಆ 18 ಗಂಟೆಗಳನ್ನು ತಾಳ್ಮೆಯಿಂದ ಕಳೆದವರಿಗೆ ಗುಪ್ತಪದಗಳು ಮರಳಿ ಕಾಣಿಸಿದವು.

ನಾಲ್ಕನೆಯದು, ಬೇರೆ ಬ್ರೌಸರನ್ನು ತೆರೆದಿರುವುದು. ಪರಿಷ್ಕರಣೆಯ ನಂತರ ಕೊಂಡಿಗಳು ಹಿಂದಿನ ಬ್ರೌಸರಿನ ಬದಲು ಇನ್ನೊಂದರಲ್ಲಿ ತೆರೆದುಕೊಳ್ಳಬಹುದು. ಗುಪ್ತಪದಗಳು ಹಳೆಯದರಲ್ಲಿರುತ್ತವೆ, ನಾವು ಹೊಸದರಲ್ಲಿ ಹುಡುಕುತ್ತಿರುತ್ತೇವೆ. ಒಂದೇ ಬ್ರೌಸರಿನಲ್ಲಿ ಎರಡು ಖಾತೆಗಳಿದ್ದಾಗಲೂ ಇದೇ ಗೊಂದಲವಾಗುತ್ತದೆ.

ಐದನೆಯದು, ಕೀಲಿಮಣೆಯ ಭಾಷೆ. ಇದು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಕನ್ನಡದಲ್ಲಿ ಬರೆಯಲು ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಂಡವರ ಯಂತ್ರದಲ್ಲಿ, ಪ್ರವೇಶದ ಪರದೆಯಲ್ಲಿಯೂ ಅದೇ ಜಾರಿಯಲ್ಲಿದ್ದರೆ, ಒತ್ತಿದ ಇಂಗ್ಲಿಷ್ ಅಕ್ಷರಗಳ ಬದಲು ಬೇರೆಯೇ ಅಕ್ಷರಗಳು ಮೂಡುತ್ತವೆ. ಗುಪ್ತಪದವು ಚುಕ್ಕೆಗಳಾಗಿ ಕಾಣುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ. ಅಮೆರಿಕನ್ ವಿನ್ಯಾಸವು ಬ್ರಿಟಿಷ್ ವಿನ್ಯಾಸಕ್ಕೆ ಬದಲಾದರೂ ಸಾಕು, ಮಿಂಚಂಚೆ ವಿಳಾಸದಲ್ಲಿ ಬರುವ "ಅಟ್" ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಸ್ಥಳ ಬದಲಿಸುತ್ತವೆ.

ಆರನೆಯದು, ಮೂಲ ಗುಪ್ತಪದವನ್ನೇ ಮರೆತಿರುವುದು. ಪಿನ್ ಅಥವಾ ಬೆರಳಚ್ಚನ್ನು ಬಳಸಿ ಬಳಸಿ ಗುಪ್ತಪದವನ್ನು ನಾವು ವರ್ಷಗಳಿಂದ ಬೆರಳಚ್ಚಿಸಿಯೇ ಇರುವುದಿಲ್ಲ. ಪಿನ್ ಎಂಬುದು ಆ ಒಂದು ಯಂತ್ರಕ್ಕೆ ಮಾತ್ರ ಅಂಟಿಕೊಂಡಿರುವ ಗುರುತು. ಪರಿಷ್ಕರಣೆಯ ಬಳಿಕ ಅದು ಕೆಲಸ ಮಾಡದಿದ್ದರೆ ಯಂತ್ರವು ಮೂಲ ಗುಪ್ತಪದವನ್ನು ಕೇಳುವುದು ಸಹಜ.

ಕ್ರಮವಾಗಿ ಏನು ಮಾಡಬೇಕು?

ವೈದ್ಯರು ಮೊದಲು ರೋಗವನ್ನು ಗುರುತಿಸಿ ಆಮೇಲೆ ಔಷಧಿ ಕೊಡುತ್ತಾರೆ. ಇಲ್ಲಿಯೂ ಅದೇ ಕ್ರಮ.

1. ಪರದೆಯ ಮೇಲೆ ಬಂದ ಸಂದೇಶವನ್ನು ಇದ್ದಂತೆ ಒಂದು ಕಾಗದದಲ್ಲಿ ಬರೆದುಕೊಳ್ಳಿ, ಅಥವಾ ದೂರವಾಣಿಯಿಂದ ಅದರ ಚಿತ್ರ ತೆಗೆದುಕೊಳ್ಳಿ. ಮುಂದೆ ಯಾರ ನೆರವು ಕೇಳಿದರೂ ಅವರು ಮೊದಲು ಕೇಳುವುದು ಇದನ್ನೇ.

2. ಯಂತ್ರವನ್ನು ಒಮ್ಮೆ ಕ್ರಮಬದ್ಧವಾಗಿ ಮುಚ್ಚಿ ಮತ್ತೆ ತೆರೆಯಿರಿ. ಪರಿಷ್ಕರಣೆ ಅರ್ಧದಲ್ಲಿದ್ದರೆ ಪೂರ್ಣಗೊಳ್ಳಲು ಬಿಡಿ. ತಾತ್ಕಾಲಿಕ ಖಾತೆಯ ತೊಂದರೆ ಕೆಲವೊಮ್ಮೆ ಇಷ್ಟರಿಂದಲೇ ನಿವಾರಣೆಯಾಗುತ್ತದೆ. ತಾತ್ಕಾಲಿಕ ಖಾತೆಯಲ್ಲಿದ್ದಾಗ ಹೊಸ ಕಡತಗಳನ್ನು ಉಳಿಸಬೇಡಿ. ಹೊರಬಂದೊಡನೆ ಅವು ಅಳಿದುಹೋಗುತ್ತವೆ.

3. ಪ್ರವೇಶದ ಪರದೆಯಲ್ಲಿಯೇ ಗುಪ್ತಪದ ತಿರಸ್ಕೃತವಾದರೆ ಅಲ್ಲಿ ಕಾಣುವ ಭಾಷೆಯ ಗುರುತನ್ನು ನೋಡಿ ಇಂಗ್ಲಿಷಿಗೆ ಬದಲಿಸಿ. ದೊಡ್ಡ ಅಕ್ಷರಗಳ ಕೀಲಿ ಒತ್ತಿದ ಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಕಣ್ಣಿನ ಆಕಾರದ ಚಿಹ್ನೆಯಿದ್ದರೆ ಅದನ್ನು ಒತ್ತಿ, ಮೂಡಿದ ಅಕ್ಷರಗಳನ್ನು ಓದಿ ನೋಡಿ.

4. ಯಂತ್ರದೊಳಗೆ ಪ್ರವೇಶ ಸಿಕ್ಕಿ, ಜಾಲತಾಣಗಳ ಗುಪ್ತಪದಗಳು ಮಾತ್ರ ಬರುತ್ತಿಲ್ಲವಾದರೆ, ಹಿಂದೆ ಬಳಸುತ್ತಿದ್ದ ಬ್ರೌಸರನ್ನೇ ತೆರೆದಿರುವಿರೋ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಅದರ ಸೆಟ್ಟಿಂಗ್ಸ್ ವಿಭಾಗದಲ್ಲಿ ಉಳಿಸಿದ ಗುಪ್ತಪದಗಳ ಪಟ್ಟಿಯನ್ನು ನೋಡಿ. ಈ ಪಟ್ಟಿಯೇ ರೋಗ ತೋರಿಸುವ ನಾಡಿ. ಪಟ್ಟಿಯಲ್ಲಿ ಗುಪ್ತಪದವಿದ್ದು, ಅದನ್ನು ಕೈಯಿಂದ ತುಂಬಿದರೂ ಜಾಲತಾಣ ಒಪ್ಪದಿದ್ದರೆ, ತೊಂದರೆ ಯಂತ್ರದ್ದಲ್ಲ. ಆ ಜಾಲತಾಣದಲ್ಲಿ ಗುಪ್ತಪದ ಬದಲಾಗಿದೆ. ಪಟ್ಟಿ ಪೂರ್ತಿ ಖಾಲಿಯಿದ್ದರೆ ನೀವು ಬೇರೆ ಖಾತೆಯಲ್ಲಿದ್ದೀರಿ, ಇಲ್ಲವೇ ಬ್ರೌಸರಿನ ಖಾತೆಗೆ ಮರುಪ್ರವೇಶ ಮಾಡಬೇಕಾಗಿದೆ. ಇದ್ದ ಗುಪ್ತಪದಗಳನ್ನು ಬ್ರೌಸರಿಗೆ ಬಿಡಿಸಿ ಓದಲಾಗದಿದ್ದರೆ ತೊಂದರೆ ಕೀಲಿಕೈಯದು.

5. ಬ್ರೌಸರಿನಲ್ಲಿ ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಗುಪ್ತಪದಗಳನ್ನು ಹೊಂದಿಸಿಟ್ಟಿದ್ದರೆ, ಅವುಗಳ ಪ್ರತಿ ನಿಮ್ಮ ದೂರವಾಣಿಯಲ್ಲಿಯೂ ಇರುವ ಸಂಭವ ಹೆಚ್ಚು. ಯಂತ್ರದೊಡನೆ ಸೆಣಸುವ ಮೊದಲು ದೂರವಾಣಿಯನ್ನು ನೋಡಿ.

6. ಬಾಕಿಯಿರುವ ಪರಿಷ್ಕರಣೆಗಳನ್ನು ಅಳವಡಿಸಿ. ವ್ಯವಸ್ಥೆಯ ದೋಷವಾಗಿದ್ದರೆ ಅದರ ಪರಿಹಾರ ಬರುವುದು ಅದೇ ದಾರಿಯಿಂದ. ವಿಂಡೋಸಿನ ಹೊಸ ಆವೃತ್ತಿಗೆ ಬದಲಾದವರು ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಲು ಅವಕಾಶವಿರುತ್ತದೆ. ಆದರೆ ಹಿಂದಿನ ಆವೃತ್ತಿಯ ಪ್ರವೇಶದ ಗುಪ್ತಪದ ನೆನಪಿರುವವರು ಮಾತ್ರ ಆ ದಾರಿಯನ್ನು ಹಿಡಿಯಬೇಕು.

7. ಏನೂ ಫಲಿಸದಿದ್ದಾಗ, ಆಯಾ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ "ಗುಪ್ತಪದ ಮರೆತಿರುವಿರಾ" ಎಂಬ ದಾರಿಯಿಂದ ಒಂದೊಂದಾಗಿ ಹೊಸ ಗುಪ್ತಪದ ಪಡೆಯಿರಿ. ಮೊದಲು ಮಿಂಚಂಚೆಯ ಗುಪ್ತಪದವನ್ನು ಸರಿಪಡಿಸಿಕೊಳ್ಳಿ. ಉಳಿದವುಗಳ ಸಂದೇಶಗಳು ಬರುವುದು ಅಲ್ಲಿಗೇ.

ಏನನ್ನು ಮಾಡಬಾರದು?

ಯಂತ್ರದ ಮೂಲ ಗುಪ್ತಪದವನ್ನು ಬಲವಂತವಾಗಿ ತೆಗೆಸುವುದನ್ನು ಕಟ್ಟಕಡೆಯ ಉಪಾಯವೆಂದು ತಿಳಿಯಿರಿ. ಅದಕ್ಕೆ ಮೊದಲು ಹಳೆಯ ದಿನಚರಿ, ಪಂಚಾಂಗದ ಅಂಚು, ಯಂತ್ರದ ಖರೀದಿಯ ರಸೀದಿ, ಕಪಾಟಿನ ಬಾಗಿಲ ಒಳಬದಿ ಎಲ್ಲವನ್ನೂ ಹುಡುಕಿ. ಖಾತೆಯು ಆನ್‌ಲೈನ್ ಖಾತೆಯಾಗಿದ್ದರೆ ಅದರ ಒಡೆಯರ ಜಾಲತಾಣದಿಂದಲೇ ಗುಪ್ತಪದವನ್ನು ಮರಳಿ ಪಡೆಯುವ ದಾರಿಯಿದೆ.

ಈಗಾಗಲೇ ಬಲವಂತವಾಗಿ ತೆಗೆಸಿಬಿಟ್ಟಿದ್ದರೆ, ಅಲ್ಲಿಯೂ ಒಂದು ಆಸೆಯುಂಟು. ಹಳೆಯ ಗುಪ್ತಪದ ಆಮೇಲೆ ಸಿಕ್ಕಿದರೆ, ಖಾತೆಯ ಗುಪ್ತಪದವನ್ನು ಮತ್ತೆ ಆ ಹಳೆಯದಕ್ಕೇ ಬದಲಿಸಿ; ಮುಚ್ಚಿದ್ದ ಕಪಾಟು ತೆರೆಯಬಹುದು. ಆದರೆ ಅದುವರೆಗೆ ಬ್ರೌಸರನ್ನು ತೆರೆಯದಿರುವುದು ಮುಖ್ಯ. ಹಳೆಯ ಕೀಲಿ ಓದಲಾಗದಿದ್ದಾಗ ಕ್ರೋಮ್ ತನಗಾಗಿ ಹೊಸ ಕೀಲಿಯನ್ನು ಮಾಡಿಕೊಂಡು ಹಳೆಯದರ ಸ್ಥಳದಲ್ಲಿಡುತ್ತದೆ. ಆಮೇಲೆ ಹಳೆಯ ಪೆಟ್ಟಿಗೆಯನ್ನು ತೆರೆಯುವ ಕೈ ಎಲ್ಲಿಯೂ ಉಳಿಯುವುದಿಲ್ಲ. ನಾನು ಹೇಳಿದ ಮಹಿಳೆಯ ಯಂತ್ರವನ್ನು ಅಂಗಡಿಯಲ್ಲಿಯೇ ಹತ್ತಾರು ಬಾರಿ ತೆರೆದು ನೋಡಲಾಗಿತ್ತು.

ಗುಪ್ತಪದಗಳ ಕಡತವೊಂದನ್ನೇ ನಕಲು ಮಾಡಿಕೊಂಡು ಬೇರೆ ಯಂತ್ರಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಕೀಲಿಯಿಲ್ಲದೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದಂತೆ ಅದು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಮಾತ್ರ ಕೀಲಿಯೂ ಪೆಟ್ಟಿಗೆಯೂ ಅದರದೇ ಕಡತಕೋಶದಲ್ಲಿರುತ್ತವೆ. ಆ ಕೋಶವನ್ನು ಇಡಿಯಾಗಿ ನಕಲು ಮಾಡಿದರೆ ಗುಪ್ತಪದಗಳು ಜೊತೆಯಲ್ಲಿ ಬರುತ್ತವೆ. ಅದೇ ಕಾರಣಕ್ಕೆ ಅಲ್ಲಿ ಪ್ರತ್ಯೇಕವಾದ ಪ್ರಧಾನ ಗುಪ್ತಪದವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಗಾಬರಿಯಲ್ಲಿರುವವರು ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ವಂಚಕರು ತಮ್ಮ ಸಂಖ್ಯೆಗಳನ್ನು ಅಲ್ಲಿಯೇ ಹರಡಿರುತ್ತಾರೆ. "ನಿಮ್ಮ ಯಂತ್ರವನ್ನು ದೂರದಿಂದಲೇ ಸರಿಪಡಿಸುತ್ತೇವೆ" ಎಂದು ಹೇಳಿ ಒಂದು ತಂತ್ರಾಂಶವನ್ನು ಹಾಕಿಸಿ, ನಿಮ್ಮ ಪರದೆಯನ್ನೆಲ್ಲ ನೋಡುತ್ತಾರೆ. ದೂರವಾಣಿಗೆ ಬರುವ ಒಂದು ಬಾರಿಯ ಸಂಕೇತವನ್ನು, ಅಂದರೆ ಓಟಿಪಿಯನ್ನು, ಕೇಳಿದ ಕೂಡಲೇ ಮಾತು ನಿಲ್ಲಿಸಿ. ತಾವಾಗಿಯೇ ಕರೆ ಮಾಡಿ ನಿಮ್ಮ ಯಂತ್ರದಲ್ಲಿ ದೋಷವಿದೆ ಎನ್ನುವವರನ್ನು ನಂಬಬೇಡಿ. ಹಣ ಹೋದುದು ತಿಳಿದೊಡನೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಇನ್ನೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ ಪ್ರಕರಣದಂತೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.

ಇತರ ವ್ಯವಸ್ಥೆಗಳನ್ನು ಬಳಸುವವರಿಗೆ

ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಗುಪ್ತಪದಗಳು ಕೀಚೈನ್ ಎಂಬ ಗೊಂಚಲಿನಲ್ಲಿರುತ್ತವೆ. 2024ರಲ್ಲಿ ಬಂದ ಸಿಕ್ವೋಯಾ ಆವೃತ್ತಿಯಿಂದೀಚೆಗೆ ಅವುಗಳನ್ನು ನೋಡಲು ಪಾಸ್‌ವರ್ಡ್ಸ್ ಎಂಬ ಪ್ರತ್ಯೇಕ ತಂತ್ರಾಂಶವಿದೆ. ಹಳೆಯ ಜಾಗದಲ್ಲಿ ಕಾಣದಿದ್ದರೆ ಅಲ್ಲಿ ನೋಡಬೇಕು. ಪ್ರವೇಶದ ಗುಪ್ತಪದವನ್ನು ಮರೆತು ಹೊಸದನ್ನು ಪಡೆದಾಗ ಮ್ಯಾಕ್ ಹೊಸ ಗೊಂಚಲೊಂದನ್ನು ಮಾಡಿಕೊಳ್ಳುತ್ತದೆ. ಹಳೆಯ ಗೊಂಚಲು ಹಳೆಯ ಗುಪ್ತಪದದ ಬೀಗದಲ್ಲಿಯೇ ಉಳಿದಿರುತ್ತದೆ. ಮುಂದೆ ಅದು ನೆನಪಾದರೆ ತೆರೆಯಬಹುದು. ಆದ್ದರಿಂದ ಹಳೆಯ ಗೊಂಚಲನ್ನು ಅವಸರದಿಂದ ಅಳಿಸಬೇಡಿ.

ಲಿನಕ್ಸ್ ವ್ಯವಸ್ಥೆಗಳಲ್ಲಿ ಗ್ನೋಮ್ ಕೀರಿಂಗ್, ಕೆವಾಲೆಟ್ ಎಂಬ ಏರ್ಪಾಡುಗಳಿವೆ. ಚೆನ್ನೈನ ಸಿ-ಡ್ಯಾಕ್ ಕೇಂದ್ರವು ರೂಪಿಸಿ 2007ರಲ್ಲಿ ಹೊರತಂದ ಭಾರತೀಯ ಕಾರ್ಯನಿರ್ವಹಣಾ ವ್ಯವಸ್ಥೆ ಬಾಸ್ ಕೂಡ ಲಿನಕ್ಸ್ ಕುಟುಂಬಕ್ಕೆ ಸೇರಿದುದು. ಇಂಥ ವ್ಯವಸ್ಥೆಗಳಲ್ಲಿ ಪ್ರವೇಶದ ಗುಪ್ತಪದವೂ ಗೊಂಚಲಿನ ಗುಪ್ತಪದವೂ ಒಂದೇ ಆಗಿದ್ದರೆ ಎರಡೂ ಒಟ್ಟಿಗೆ ತೆರೆಯುತ್ತವೆ. ಒಂದನ್ನು ಮಾತ್ರ ಬದಲಿಸಿದಾಗ ಗೊಂಚಲು ಬೇರೆಯಾಗಿ ಗುಪ್ತಪದ ಕೇಳತೊಡಗುತ್ತದೆ. ಆಗ ಹಳೆಯ ಗುಪ್ತಪದವನ್ನು ಕೊಟ್ಟು ಗೊಂಚಲಿನ ಗುಪ್ತಪದವನ್ನೂ ಹೊಸದಕ್ಕೆ ಬದಲಿಸಿಕೊಂಡರೆ ತೊಂದರೆ ಮುಗಿಯಿತು.

ಪರಿಷ್ಕರಣೆಗೆ ಮುನ್ನ ಹತ್ತು ನಿಮಿಷ

ಇಷ್ಟೆಲ್ಲ ಕೇಳಿದ ಮೇಲೆ ಪರಿಷ್ಕರಣೆಯನ್ನೇ ನಿಲ್ಲಿಸಿಬಿಡೋಣ ಎಂದು ಯಾರಿಗಾದರೂ ಅನ್ನಿಸಬಹುದು. ಅದು ಸರಿಯಲ್ಲ. ಬಹುಪಾಲು ಪರಿಷ್ಕರಣೆಗಳು ಕಳ್ಳರು ನುಸುಳುವ ಕಿಂಡಿಗಳನ್ನು ಮುಚ್ಚಲೆಂದೇ ಬರುತ್ತವೆ. ಮಾಡಬೇಕಾದುದು ಪರಿಷ್ಕರಣೆಗೆ ಮುನ್ನ ಹತ್ತು ನಿಮಿಷಗಳ ಸಿದ್ಧತೆ.

ಯಂತ್ರದ ಮೂಲ ಗುಪ್ತಪದ ನಿಮಗೆ ನೆನಪಿದೆಯೇ ಎಂದು ಪಿನ್ ಬಿಟ್ಟು ಒಮ್ಮೆ ಅದರಿಂದಲೇ ಪ್ರವೇಶಿಸಿ ನೋಡಿ. ಬ್ಯಾಂಕು, ಮಿಂಚಂಚೆಗಳಲ್ಲಿ ದಾಖಲಾಗಿರುವ ದೂರವಾಣಿ ಸಂಖ್ಯೆ ಈಗಲೂ ನಿಮ್ಮ ಬಳಿಯಿರುವುದೇ ಆಗಿದೆಯೇ ಎಂದು ಪರೀಕ್ಷಿಸಿ. ಊರಿನಿಂದ ಊರಿಗೆ ವರ್ಗವಾಗುವ ನಮ್ಮಲ್ಲಿ ಹಳೆಯ ಸಂಖ್ಯೆಯನ್ನು ಬಿಟ್ಟವರು ಅನೇಕರಿದ್ದಾರೆ. ಯಂತ್ರದ ತಟ್ಟೆಯು ಬಿಟ್‌ಲಾಕರ್ ರಕ್ಷಣೆಯಲ್ಲಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಬರೆದಿಡಿ. 2024ರ ಜುಲೈ ತಿಂಗಳ ಪರಿಷ್ಕರಣೆಯ ನಂತರ ಕೆಲವು ವಿಂಡೋಸ್ ಯಂತ್ರಗಳು ಆರಂಭದಲ್ಲಿಯೇ ಆ ಸಂಖ್ಯೆಯನ್ನು ಕೇಳಿದವು. ಬೇಕಾದ ಕಡತಗಳ ಒಂದು ಪ್ರತಿ ಬೇರೊಂದು ತಟ್ಟೆಯಲ್ಲಿರಲಿ. ಬ್ರೌಸರಿನಿಂದ ಗುಪ್ತಪದಗಳ ಪಟ್ಟಿಯನ್ನು ಹೊರತೆಗೆಯಲು ಸಾಧ್ಯವಿದೆ. ಆದರೆ ಆ ಪಟ್ಟಿಯು ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರಗಳಲ್ಲಿರುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಿಹಾಕಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ. 1966ರ ಪಾಠವನ್ನು ಮರೆಯಬೇಡಿ.

ಗುಪ್ತಪದವನ್ನು ಕಾಗದದಲ್ಲಿ ಬರೆದಿಡಬಹುದೇ ಎಂದು ಅನೇಕರು ಕೇಳುತ್ತಾರೆ. ಯಂತ್ರಕ್ಕೆ ಅಂಟಿಸಿದ ಚೀಟಿಯಲ್ಲಿ ಬೇಡ, ಕೈಚೀಲದಲ್ಲಿಯೂ ಬೇಡ. ಬ್ಯಾಂಕಿನ ಕಾರ್ಡಿನ ಪಿನ್ ಎಲ್ಲಿಯೂ ಬೇಡ. ಆದರೆ ಯಂತ್ರದ ಮೂಲ ಗುಪ್ತಪದ, ಮಿಂಚಂಚೆಯ ಗುಪ್ತಪದ ಇವೆರಡನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮನೆಪತ್ರ ವಿಮಾಪತ್ರಗಳ ಜೊತೆಯಲ್ಲಿ ಇಡುವುದು ವಿವೇಕದ ಕೆಲಸವೆಂದು ನನ್ನ ಅಭಿಪ್ರಾಯ. ಆ ಲಕೋಟೆ ಎಲ್ಲಿದೆಯೆಂಬುದು ಮನೆಯ ಇನ್ನೊಬ್ಬರಿಗೆ ತಿಳಿದಿರಬೇಕು.

ಗುಪ್ತಪದದ ಬದಲು ಯಂತ್ರವೇ ನಿಮ್ಮನ್ನು ಗುರುತಿಸುವ ಪಾಸ್‌ಕೀ ಎಂಬ ವಿಧಾನವನ್ನು ವ್ಯಾಪಕಗೊಳಿಸುವುದಾಗಿ 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಒಟ್ಟಾಗಿ ಸಾರಿದವು. ಅದು ಈಗ ಬಳಕೆಗೆ ಬರುತ್ತಿದೆ. ಆಗಲೂ ಮೂಲ ಖಾತೆಯ ಕೀಲಿ ಯಾರ ಬಳಿಯಿದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಉಪಸಂಹಾರ

ಆರಂಭದಲ್ಲಿ ಹೇಳಿದ ಮಹಿಳೆಯ ಕಥೆಯನ್ನು ಮುಗಿಸಿ ನನ್ನ ಮಾತನ್ನೂ ಮುಗಿಸುತ್ತೇನೆ. ಹಳೆಯ ಗುಪ್ತಪದ ಸಿಗಲೇ ಇಲ್ಲ. ಆಕೆ ಪತಿಯ ಮರಣ ಪ್ರಮಾಣಪತ್ರವನ್ನೂ ನಾಮನಿರ್ದೇಶನದ ಕಾಗದಗಳನ್ನೂ ಹಿಡಿದು ಒಂದೊಂದೇ ಕಚೇರಿಗೆ ಅಲೆದರು. ವಿಮೆಯ ಹಣ ಬಂತು. ವಿದ್ಯುತ್ ಸಂಪರ್ಕ ಅವರ ಹೆಸರಿಗಾಯಿತು. ವಸತಿ ಸಂಘದ ಲೆಕ್ಕವೂ ಸರಿಹೋಯಿತು. ಮೂರು ತಿಂಗಳು ಹಿಡಿಯಿತು. ಮಿಂಚಂಚೆ ಮಾತ್ರ ತೆರೆಯಲಿಲ್ಲ. ಅದರಲ್ಲಿ ಪತಿ ತಮ್ಮ ಅಣ್ಣತಮ್ಮಂದಿರಿಗೆ ಇಪ್ಪತ್ತು ವರ್ಷ ಬರೆದ ಪತ್ರಗಳಿದ್ದವು.

ಈಗ ಆಕೆಯ ಕಪಾಟಿನಲ್ಲಿ ಒಂದು ಲಕೋಟೆಯಿದೆ. ಅದು ಎಲ್ಲಿದೆಯೆಂದು ಮಗಳಿಗೆ ಗೊತ್ತು. ಪ್ರತಿ ಯುಗಾದಿಗೆ ಆಕೆ ಅದನ್ನು ತೆರೆದು, ಬರೆದುದು ಈಗಲೂ ಸರಿಯಿದೆಯೇ ಎಂದು ನೋಡಿ ಮತ್ತೆ ಅಂಟಿಸುತ್ತಾರೆ. ಯಂತ್ರದ ನೆನಪನ್ನು ಬಳಸಿಕೊಳ್ಳೋಣ. ಆದರೆ ನಮ್ಮ ಮನೆಯ ಕೀಲಿಯನ್ನು ಪೂರ್ತಿಯಾಗಿ ಅದರ ಕೈಗೆ ಕೊಡದಿರೋಣ. ಈ ಸಂಜೆ ಮನೆಗೆ ಹೋದ ಮೇಲೆ ತಾವೂ ಒಂದು ಲಕೋಟೆಯನ್ನು ಸಿದ್ಧಪಡಿಸಿದರೆ ಈ ಉಪನ್ಯಾಸ ಸಾರ್ಥಕವಾಯಿತೆಂದು ತಿಳಿಯುತ್ತೇನೆ.